ಡೆಕ್ಕಿಗೆ ಮ್ಯಾಟೋ ಬಟ್ಟೆಯೋ: ನನ್ನ ಓಟು ಎಪಾಕ್ಸಿಗೆ

ಗಂಗೊಳ್ಳಿ ಕಡೆ ದೋಣಿಗೆ ಫೈಬರ್ ಹೊದಿಸುವುದೆಂದರೆ ಪಾಲಿಯೆಸ್ಟರ್ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ), ಮ್ಯಾಟು (ತುಂಡು ಗಾಜಿನ ಎಳೆಗಳನ್ನು ಅಂಟಿಸಿ ಮಾಡಿದ ಹಾಸು). ನಮ್ಮ ಹೊಳೆದೋಣಿಯ ಪ್ಲೈವುಡ್ ಡೆಕ್ಕಿಗೂ ಮೊದಲು ಅದನ್ನೇ ಹಾಕಿಸಿದ್ದೆವು. ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಎದ್ದಿತು. ಉಳಿಯ ತುದಿ ತೂರಿಸಿ ಎತ್ತಿದರೆ ಅಂಗೈಯಗಲದ ತುಂಡು ಹಾಗೆಯೇ ಕಿತ್ತು ಬಂತು. ಅದರ ಬೆನ್ನಿಗೆ ಮರದ ಒಂದು ನಾರೂ ಅಂಟಿರಲಿಲ್ಲ. ಕೆಳಗೆ ಪ್ಲೈವುಡ್ ನೆನೆದು ಕಪ್ಪಾಗಿತ್ತು. ಪಾಲಿಯೆಸ್ಟರಿಗೆ ಮರದ ಮೇಲೆ ಹಿಡಿತ ಕಡಿಮೆ, ಮರ ಹಿಗ್ಗಿ ಕುಗ್ಗುವಾಗ ಬಿಟ್ಟುಕೊಳ್ಳುತ್ತದೆ.

ಆ ಡೆಕ್ಕಿಗೆ ಹೊಸ ಪ್ಲೈವುಡ್ ಹಾಕಿ, ಅದರ ಮೇಲೆ ಎಪಾಕ್ಸಿ (ಎರಡು ದ್ರವ ಕಲಸಿ ಹಚ್ಚುವ ಇನ್ನೊಂದು ಬಗೆಯ ರೆಸಿನ್) ಮತ್ತು 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ, ನೇಯ್ದ ಗಾಜಿನ ಬಟ್ಟೆ ಹೊದಿಸಿದೆ. ಎಪಾಕ್ಸಿಗೆ ಮಾಮೂಲಿ ಮ್ಯಾಟ್ ಆಗುವುದಿಲ್ಲ. ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಕರಗಲು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಬೇಕು.

ತಲೆನೋವು ತಂದದ್ದು ಗುಳ್ಳೆಗಳು. ಬೆಳಿಗ್ಗೆ ತಂಪಿದ್ದಾಗ ಹಚ್ಚಿದರೆ ಬಟ್ಟೆ ರೆಸಿನ್ ಕುಡಿದು ಬಿಳುಪು ಹೋಗಿ, ಮರದ ಗೆರೆ ಗಾಜಿನಡಿ ಇದ್ದ ಹಾಗೆ ಕಾಣುತ್ತದೆ. ಬಿಸಿಲೇರಿದಂತೆ ಪ್ಲೈವುಡ್ ಕಾಯುತ್ತದೆ, ರಂಧ್ರಗಳಲ್ಲಿದ್ದ ಗಾಳಿ ಹಿಗ್ಗಿ ಮೇಲೆ ಬರುತ್ತದೆ. ಪಾಲಿಯೆಸ್ಟರ್ ಬೇಗ ಬಿಗಿದುಕೊಳ್ಳುತ್ತದೆ. ಎಪಾಕ್ಸಿ ಗಂಟೆಗಟ್ಟಲೆ ಮೆತ್ತಗೇ ಇರುವುದರಿಂದ ಗುಳ್ಳೆಗೆ ದಾರಿ ಸಲೀಸು. ರೋಲರಿನಲ್ಲಿ ಒತ್ತಿದರೆ ಒಂದು ಹೋಗಿ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಗಟ್ಟಿಯಾದ ಮೇಲೆ ಕೊಯ್ದು, ಉಜ್ಜಿ, ಮತ್ತೆ ರೆಸಿನ್ ತುಂಬದೆ ಗತಿಯಿಲ್ಲ.

ಇದಕ್ಕೆ ಮದ್ದು ಹೊತ್ತು ನೋಡಿ ಹಚ್ಚುವುದು. ಮಧ್ಯಾಹ್ನದವರೆಗೆ ಹಲಗೆ ಕಾಯಲಿ. ಬಿಸಿಲು ಇಳಿಮುಖವಾದ ಮೇಲೆ ನೆರಳಿನಲ್ಲಿ ಶುರು ಮಾಡಿ. ಮರ ಆರುತ್ತಾ ಒಳಗಿನ ಗಾಳಿ ಕುಗ್ಗಿ ರೆಸಿನನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಹೀಗೆ ಮಾಡಿದ ಬಲಬದಿ ಕನ್ನಡಿಯಂತೆ ಬಂತು.

ವಾಸನೆ ಎಪಾಕ್ಸಿಗೆ ಕಡಿಮೆ, ಆದರೂ ಕೈಗವಸು ಬೇಕೇ ಬೇಕು. ಕಲಸಿದ್ದನ್ನು ಡಬ್ಬದಲ್ಲಿ ಬಿಡಬೇಡಿ, ಕಾದು ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿಯಿರಿ. ಮರುದಿನ ಮೇಲೆ ಮೇಣದಂಥ ಜಿಡ್ಡು ಕೂತಿದ್ದರೆ ನೀರು ಹಾಕಿ ತಿಕ್ಕಿ ತೊಳೆದೇ ಉಪ್ಪುಕಾಗದ ಹಿಡಿಯಬೇಕು.

ದುಡ್ಡಿನ ಲೆಕ್ಕದಲ್ಲಿ ಪಾಲಿಯೆಸ್ಟರೇ ಗೆಲ್ಲುತ್ತದೆ. ನಾನು ಕೊಂಡ ಎಪಾಕ್ಸಿಗೆ ಎರಡು ಪಟ್ಟಿಗೂ ಮೀರಿ ಬಿತ್ತು. ಆದರೆ ಕೊಳೆತ ಪ್ಲೈವುಡ್ ಬದಲಾಯಿಸುವ ಖರ್ಚಿನ ಮುಂದೆ ಅದು ನನಗೆ ಭಾರವೆನಿಸಲಿಲ್ಲ. ಕೆಲಸ ಮುಗಿಸಿ ಸಂಜೆ ಒಬ್ಬನೇ ಹಚ್ಚುವ ನನಗೆ ನಿಧಾನವಾಗಿ ಗಟ್ಟಿಯಾಗುವುದೇ ಅನುಕೂಲ. ಇಡೀ ಫೈಬರಿನ ದೋಣಿಗೆ ತೇಪೆ ಹಾಕುವುದಾದರೆ ಪಾಲಿಯೆಸ್ಟರ್ ಸಾಕು. ಮರಕ್ಕೆ ಎಪಾಕ್ಸಿಯನ್ನೇ ಹಾಕಿ, ಮೇಲೆ ಮರೆಯದೆ ಪೇಂಟ್ ಹೊಡೆಯಿರಿ. ಬರೀ ಎಪಾಕ್ಸಿ ಬಿಸಿಲಿಗೆ ಪುಡಿಯೇಳುತ್ತದೆ.