ಮಲೆನಾಡಿನ ಮನೆಗೆ ಫೈಬರ್ ನೆಟ್: ತಂತಿ ಪಾಸು, ಡಬ್ಬಿ ನಪಾಸು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿ ಮನೆಗಳಿಗೂ ಈಗ ಫೈಬರ್ ಬರುತ್ತಿದೆ. ಊರಿನ ಕೇಬಲ್‌ನವರೋ, ಕಂಪನಿಯ ಫ್ರಾಂಚೈಸಿ ಹಿಡಿದವರೋ ಕಂಬದಿಂದ ಕಂಬಕ್ಕೆ, ಕಂಬ ಇಲ್ಲದ ಕಡೆ ಮರದಿಂದ ಮರಕ್ಕೆ ಎಳೆದು ತರುವ ಈ ಸೇವೆಗೆ ಅಂಕ ಕೊಡುವುದಾದರೆ ತಂತಿಗೆ ಹತ್ತಕ್ಕೆ ಎಂಟು, ಅದರ ಜೊತೆ ಕೊಡುವ ವೈಫೈ ಡಬ್ಬಿಗೆ ಹತ್ತಕ್ಕೆ ಮೂರು. ‘ನೆಟ್ ಸ್ಲೋ’ ಎಂಬ ದೂರುಗಳಲ್ಲಿ ಹೆಚ್ಚಿನವು ಹೊಸಿಲ ಒಳಗಿನವು. ಬೈಗುಳ ತಿನ್ನುವವನು ಮಾತ್ರ ಲೈನ್‌ಮ್ಯಾನ್.

ತಪ್ಪು ಯಾರದ್ದು ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಡಬ್ಬಿಗೆ ಲ್ಯಾನ್ ಕೇಬಲ್ ಚುಚ್ಚಿ, ಮನೆಯ ಉಳಿದ ಫೋನು, ಟಿವಿಗಳನ್ನೆಲ್ಲ ನೆಟ್‌ನಿಂದ ಬಿಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಪ್ಲಾನ್‌ನಲ್ಲಿ ಹೇಳಿದ ವೇಗ ಕೇಬಲ್‌ನಲ್ಲಿ ಬಂದರೆ ಲೈನ್ ಸರಿಯಿದೆ, ವೈಫೈ ಕೆಟ್ಟಿದೆ ಎಂದೇ ಅರ್ಥ. ನೂರಕ್ಕಿಂತ ಹೆಚ್ಚಿನ ಪ್ಲಾನ್ ಇದ್ದೂ 94–95 ಎಂಬಿಪಿಎಸ್‌ಗೆ ನಿಂತುಬಿಟ್ಟರೆ ಡಬ್ಬಿಯ ಪೋರ್ಟೇ 100ರದ್ದು, ಅಥವಾ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ಕಡಿದಿದೆ. ಗಿಗಾಬಿಟ್‌ಗೆ (ಸಾವಿರ ಎಂಬಿಪಿಎಸ್‌ಗೆ) ಎಂಟೂ ಎಳೆ ಬೇಕು, ನಾಲ್ಕು ಎಳೆಯಲ್ಲಿ ನೂರೇ ಗತಿ. ಅಳೆದಾಗಲೆಲ್ಲ ಸರಿಯಾಗಿ 2ಕ್ಕೋ 4ಕ್ಕೋ ನಿಂತರೆ ಹುಡುಕುವುದೇ ಬೇಡ, ಡೇಟಾ ಮಿತಿ ಮುಗಿದಿದೆ.

ಆ ಮಿತಿ ಮುಗಿಯುವುದು ಹೇಗೆ? ಹಲವು ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಎಂದಿರುತ್ತದೆ, ಒಂದು ಮನೆ ಸಿನಿಮಾ ನೋಡಿ ಖಾಲಿ ಮಾಡುವುದು ಕಷ್ಟ. ಆದರೆ ಅಡಿಕೆ ಅಂಗಳಕ್ಕೆ ನಾಲ್ಕು ಕ್ಯಾಮೆರಾ ಹಾಕಿ, ಚಿತ್ರವನ್ನೆಲ್ಲ ಹಗಲೂ ರಾತ್ರಿ ಕ್ಲೌಡ್‌ಗೆ ಕಳಿಸುತ್ತಿದ್ದರೆ ಲೆಕ್ಕ ಬೇರೆ. ಒಂದು ಕ್ಯಾಮೆರಾ 2 ಎಂಬಿಪಿಎಸ್ ಎಂದರೆ ದಿನಕ್ಕೆ 21 ಜಿಬಿಗಿಂತ ಹೆಚ್ಚು, ನಾಲ್ಕಕ್ಕೆ ತಿಂಗಳಿಗೆ ಸುಮಾರು 2600 ಜಿಬಿ. ಅಪ್‌ಲೋಡ್ ತುಂಬಿಕೊಂಡರೆ ಡೌನ್‌ಲೋಡ್ ಕೂಡ ತೆವಳುತ್ತದೆ, ವಾಟ್ಸಾಪ್ ಕರೆ ಕಡಿಯುತ್ತದೆ. ರೆಕಾರ್ಡಿಂಗನ್ನು ಮನೆಯ ಹಾರ್ಡ್ ಡಿಸ್ಕಿಗೆ ಇಟ್ಟು, ಫೋನಿನಲ್ಲಿ ಬೇಕಾದಾಗ ಮಾತ್ರ ನೋಡುವಂತೆ ಮಾಡಿದರೆ ತೊಂದರೆ ಅಲ್ಲಿಗೇ ನಿಂತಿತು.

‘ನಿಮ್ಮನೆ ದೂರ, ಅದಕ್ಕೇ ಸ್ಲೋ’ ಎಂಬ ಮಾತು ಹಳೆಯ ತಾಮ್ರದ ಲ್ಯಾಂಡ್‌ಲೈನ್ ಕಾಲದ್ದು. ಆ ತಾಮ್ರದ ತಂತಿಯಲ್ಲಿ ಬರುತ್ತಿದ್ದ ಎಡಿಎಸ್‌ಎಲ್ ನೆಟ್‌ನಲ್ಲಿ ನಾಲ್ಕೈದು ಕಿಲೋಮೀಟರ್ ದಾಟಿದರೆ ವೇಗ ನಿಜಕ್ಕೂ ಸೋರಿಹೋಗುತ್ತಿತ್ತು. ಈಗ ಮನೆಗಳಿಗೆ ಬರುವ ಜಿಪಾನ್ ಎಂಬ ಬಗೆಯ ಫೈಬರ್ 20 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಹತ್ತು ಕಿಲೋಮೀಟರ್ ತಂತಿ ತಿನ್ನುವ ಬೆಳಕು ಮೂರು ಡಿಬಿ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ಆಸುಪಾಸು. ಕಿಟಕಿ ಚೌಕಟ್ಟಿನಲ್ಲಿ ಚೂಪಾಗಿ ಮಡಚಿ ಮೊಳೆ ಕ್ಲಿಪ್ ಹೊಡೆದ ಒಂದು ಜಾಗವೂ ಅಷ್ಟನ್ನೇ ತಿನ್ನಬಲ್ಲದು. ಮೂರು ಡಿಬಿ ಹೋದರೆ ಅರ್ಧ ಬೆಳಕು ಹೋಯಿತು. ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಸಣ್ಣ ಸುತ್ತು ಎಲ್ಲೂ ಬೇಡ.

ಬೆಳಕನ್ನು ನೀವೇ ನೋಡಬಹುದು. ಬ್ರೌಸರ್‌ನಲ್ಲಿ 192.168.1.1 ತೆರೆದು (ಬೇರೆ ವಿಳಾಸವಿದ್ದರೆ ಡಬ್ಬಿಯ ತಳದಲ್ಲಿ ಬರೆದಿರುತ್ತದೆ) ಸ್ಟೇಟಸ್‌ನಲ್ಲಿ ಪಾನ್ ಅಥವಾ ಆಪ್ಟಿಕಲ್ ಎಂಬಲ್ಲಿ ಆರ್‌ಎಕ್ಸ್ ಪವರ್ (ಡಬ್ಬಿಗೆ ಬಂದು ತಲುಪಿದ ಬೆಳಕು) ನೋಡಿ. ಅದರ ಅಳತೆ ಡಿಬಿಎಂ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳಗಿದ್ದರೆ ನೆಮ್ಮದಿ. ಮೈನಸ್ 27 ದಾಟಿದರೆ ಡಬ್ಬಿ ತಡವರಿಸುತ್ತದೆ. ಮೈನಸ್ 24 ಇದ್ದ ಮನೆ ಮೈನಸ್ 18 ಇದ್ದ ಮನೆಗಿಂತ ಸ್ಲೋ ಅಲ್ಲ. ಗಡಿಯವರೆಗೂ ಪೂರ್ತಿ ವೇಗ ಸಿಗುತ್ತದೆ, ಗಡಿ ದಾಟಿದ ಮೇಲೆ ಒಮ್ಮೆಗೇ ಕಡಿಯತೊಡಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮೈನಸ್ 26 ಇದ್ದ ಲೈನ್ ಜುಲೈ ಮಳೆಗೆ ಕೈಕೊಟ್ಟರೆ ಆಶ್ಚರ್ಯವಿಲ್ಲ. ಗಾಳಿಗೆ ತಂತಿ ಜಗ್ಗಿ, ತೇವಕ್ಕೆ ಜಾಯಿಂಟ್ ಸಡಿಲಾಗಿ ಇನ್ನೆರಡು ಡಿಬಿ ಹೋದರೆ ಮುಗಿಯಿತು. ಸಂಖ್ಯೆಯನ್ನು ಬಿಸಿಲು ಕಾಲದಲ್ಲೇ ಬರೆದಿಟ್ಟುಕೊಳ್ಳಿ.

ಮಲೆನಾಡಿನ ಮಟ್ಟಿಗೆ ಈ ಸೇವೆಯ ದೊಡ್ಡ ಲೋಪ ಜಾಯಿಂಟ್‌ಗಳದ್ದು. ಹೊತ್ತುಳಿಸಲು ಹಾಕುವ ಫಾಸ್ಟ್ ಕನೆಕ್ಟರ್‌ನ ಒಳಗೆ ಎರಡು ಎಳೆಗಳನ್ನು ಬರೀ ಒತ್ತಿ ಹಿಡಿದಿರುತ್ತಾರೆ, ನಡುವೆ ಚೂರು ಜೆಲ್. ನಮ್ಮ ತೇವದಲ್ಲಿ ಅದು ಹೆಚ್ಚು ಕಾಲ ಬಾಳುವುದಿಲ್ಲ. ಮೆಷಿನ್‌ನಲ್ಲಿ ಕರಗಿಸಿ ಬೆಸೆದ ಜಾಯಿಂಟ್‌ನಲ್ಲಿ ನಷ್ಟ 0.1 ಡಿಬಿ ಆಸುಪಾಸು, ಮಳೆಗೂ ಜಗ್ಗದು. ಡಬ್ಬಿಗೆ ಚುಚ್ಚುವ ತುದಿ ಹಸಿರಾದರೆ ಅದರ ಜೋಡಿಯೂ ಹಸಿರೇ ಆಗಬೇಕು. ಹಸಿರಿಗೆ ನೀಲಿ ಸೇರಿಸಿದರೆ ಕೂರುತ್ತದೆ, ಬೆಳಕು ಮಾತ್ರ ಸೋರುತ್ತದೆ. ತುದಿಯನ್ನು ಬಾಯಿಂದ ಊದಬೇಡಿ, ಕಣ್ಣಿಗೆ ಹಿಡಿದು ನೋಡಲೂ ಬೇಡಿ. ಬೆಳಕು ಬರುತ್ತಿಲ್ಲ ಎಂದು ಹೇಳುವ ಎಲ್‌ಒಎಸ್ ಕೆಂಪು ದೀಪ ಡಬ್ಬಿಯಲ್ಲಿ ಮಿನುಗುತ್ತಿದ್ದರೆ, ಮೊದಲು ಆ ತುದಿ ಸರಿಯಾಗಿ ಕೂತಿದೆಯೇ ನೋಡಿ. ಕೂತಿದ್ದರೆ ಹೊರಗೆ ಎಲ್ಲೋ ಮರ ಬಿದ್ದಿದೆ, ಅಥವಾ ಮಂಗವೋ ಅಳಿಲೋ ಕೆಲಸ ಮಾಡಿದೆ. ಡಬ್ಬಿಯನ್ನು ರೀಸೆಟ್ ಮಾಡಿದರೆ ಸೆಟ್ಟಿಂಗ್ ಅಳಿಸಿಹೋಗಿ ಇನ್ನೊಂದು ತಾಪತ್ರಯ.

ಇನ್ನು ನಪಾಸಾದ ಡಬ್ಬಿ. ಅಗ್ಗದ ಪ್ಲಾನ್‌ಗಳ ಜೊತೆ ಬರುವವು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಒಂದೇ ಬ್ಯಾಂಡಿನವು. ಮೇಲೆ 300 ಎಂದು ಅಚ್ಚಾಗಿದ್ದರೂ ಎದುರು ಕೂತರೆ 40–60 ಸಿಗುತ್ತದೆ. ನಡುವೆ ಜಂಬಿಟ್ಟಿಗೆ ಗೋಡೆ ಎರಡು ಬಂದರೆ ಅದೂ ಇಲ್ಲ. ತಂತಿ ಒಳಬರುವ ಜಗಲಿ ಮೂಲೆಯಲ್ಲೇ ಡಬ್ಬಿ ನೇತುಹಾಕುವುದು ರೂಢಿ, ಫೋನು ಹಿಡಿಯುವವರು ಇರುವುದು ಅಡುಗೆಮನೆಯಲ್ಲಿ, ಮಾಳಿಗೆಯಲ್ಲಿ. ಚಾನೆಲ್ ಬದಲಿಸಿ ನೋಡಿ ಎಂಬ ಪೇಟೆಯ ಸಲಹೆ ಶಿವಮೊಗ್ಗದ ಬಡಾವಣೆಗೆ ಸರಿ. ಸುತ್ತ ತೋಟ, ಕಾಡು ಬಿಟ್ಟರೆ ಪಕ್ಕದ ಮನೆಯೇ ಇಲ್ಲದ ಕಡೆ ಅದರಿಂದ ಆಗುವುದೇನೂ ಇಲ್ಲ.

ಬೇಕಾದ್ದು ಇನ್ನೊಂದು ರೂಟರ್. ಎಸಿ1200 ದರ್ಜೆಯ (ಪೆಟ್ಟಿಗೆಯ ಮೇಲೆ ಬರೆದಿರುತ್ತದೆ), 2.4ರ ಜೊತೆ 5 ಗಿಗಾಹರ್ಟ್ಸ್ ಕೂಡ ಇರುವ ಎರಡು ಬ್ಯಾಂಡಿನ, ಗಿಗಾಬಿಟ್ ಪೋರ್ಟಿರುವುದನ್ನು ನಡುಮನೆಯಲ್ಲಿಟ್ಟು, ಜಗಲಿಯ ಡಬ್ಬಿಯಿಂದ ಅಲ್ಲಿಗೆ ಕ್ಯಾಟ್ 6 ಕೇಬಲ್ ಎಳೆಯಿರಿ. ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹಂಚುವ ಸೆಟ್ಟಿಂಗ್‌ಗೆ) ಹಾಕಿ, ಹಳೆ ಡಬ್ಬಿಯ ವೈಫೈ ಆಫ್ ಮಾಡಿ. ಕೇಬಲ್ ಶುದ್ಧ ತಾಮ್ರದ್ದೇ ಇರಲಿ. ಸಿಸಿಎ ಎಂದು ಬರೆದಿದ್ದರೆ ಒಳಗೆ ಅಲ್ಯೂಮಿನಿಯಂ. ಗೋಡೆಗೆ ಚುಚ್ಚುವ ಸಾದಾ ರಿಪೀಟರ್ ಕೊಳ್ಳಬೇಡಿ, ಸಿಗ್ನಲ್ ಕಡ್ಡಿ ತುಂಬಿ ಕಾಣುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ತಂತಿ ಇಲ್ಲದೆ ಒಂದಕ್ಕೊಂದು ವೈಫೈಯಲ್ಲೇ ಜೋಡಿಕೊಳ್ಳುವ ಮೆಶ್ ರೂಟರ್ ಸೆಟ್ಟುಗಳೂ ಈ ಗೋಡೆಗಳ ಮುಂದೆ ಮಂಕಾಗುತ್ತವೆ.

ಕೊಟ್ಟಿಗೆಗೋ ತೋಟದ ಮನೆಗೋ ಒಯ್ಯುವುದಾದರೆ ಲ್ಯಾನ್ ಕೇಬಲ್ ಬೇಡವೇ ಬೇಡ. ನೂರು ಮೀಟರ್ ಮಿತಿ ಒಂದು ಕಾರಣ, ಸಿಡಿಲು ಅದಕ್ಕಿಂತ ದೊಡ್ಡ ಕಾರಣ. ಏಪ್ರಿಲ್–ಮೇ ಗುಡುಗಿನ ದಿನಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹೋದ ತಾಮ್ರ ಎರಡೂ ತುದಿಯ ಪೋರ್ಟ್ ಸುಡುತ್ತದೆ. ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನ್ ಆಗಿ ಮಾಡುವ ಪುಟ್ಟ ಪೆಟ್ಟಿಗೆ) ನಡುವೆ ಫೈಬರ್ ಎಳೆಯುವುದೇ ಸರಿ. ಫೈಬರ್ ಗಾಜು, ವಿದ್ಯುತ್ ಹರಿಸದು. ಆದರೆ ಕಂಬದಿಂದ ಮನೆಗೆ ಬರುವ ಡ್ರಾಪ್ ವೈರ್‌ನ ಪಕ್ಕಕ್ಕೆ ಅಂಟಿಕೊಂಡಿರುವ ಉಕ್ಕಿನ ತಂತಿ ಹರಿಸುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಬರೀ ಫೈಬರ್ ಎಳೆಯನ್ನು ಒಳಗೆ ತರಬೇಕು. ಹೆಚ್ಚಿನ ಮನೆಗಳಲ್ಲಿ ಇದನ್ನು ಮಾಡುವುದೇ ಇಲ್ಲ.

ಕರೆಂಟಿನ ವಿಷಯಕ್ಕೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು, ಡಬ್ಬಿಯ ಅಡಾಪ್ಟರ್ ಮೇಲಿನ ಆಂಪಿಯರ್‌ಗಿಂತ ಕಡಿಮೆಯದ್ದು ಮಾತ್ರ ತರಬೇಡಿ. ಊರಿನಲ್ಲಿರುವ ಕಂಪನಿಯ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಉರಿದೂ ವ್ಯರ್ಥ.

ಕೇಬಲ್ ಪರೀಕ್ಷೆಯಲ್ಲಿ ಬೆಳಿಗ್ಗೆ ಸರಿಯಿದ್ದು ರಾತ್ರಿ ಮಾತ್ರ ಬೀಳುತ್ತಿದ್ದರೆ, ಊರಿಗೆ ಬರುವ ಮುಖ್ಯ ಲೈನೇ ತುಂಬಿದೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಎರಡೂ ಹೊತ್ತಿನ ಅಂಕಿ, ಆರ್‌ಎಕ್ಸ್ ಪವರ್ ಹೇಳಿ ದೂರು ಕೊಡಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಪಡೆಯಿರಿ. ಅಕ್ಕಪಕ್ಕದ ನಾಲ್ಕು ಮನೆಯವರೂ ಅದೇ ವಾರ ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಫೈಬರ್ ಬಾರದ ಕಡೆ 4ಜಿ, 5ಜಿ ಸಿಮ್ ರೂಟರ್ ಇದೆ. ಟವರ್‌ಗೂ ಮನೆಗೂ ನಡುವೆ ಗುಡ್ಡ ಬಂದರೆ ಅದರ ಆಟ ನಡೆಯದು, ಕೊಳ್ಳುವ ಮೊದಲು ಫೋನನ್ನು ಮಾಡಿನ ಎತ್ತರಕ್ಕೆ ಒಯ್ದು ಸಿಗ್ನಲ್ ಅಳೆಯಿರಿ. ಫೈಬರ್ ಸಿಗುವ ಕಡೆ ಹಾಕಿಸುವ ದಿನವೇ ಲೈನ್‌ಮ್ಯಾನ್‌ಗೆ ಹೇಳಬೇಕಾದ್ದು: ಬೆಸೆದ ಜಾಯಿಂಟ್ ಬೇಕು, ಉಕ್ಕಿನ ತಂತಿ ಹೊರಗೇ ನಿಲ್ಲಬೇಕು, ಮುಂದಿನ ಮಳೆಗಾಲಕ್ಕೆ ಕಡಿದರೆ ಎಳೆಯಲು ಐದು ಮೀಟರ್ ತಂತಿ ಸುತ್ತಿ ಬಿಡಬೇಕು, ಪವರ್ ಮೀಟರ್ ತೋರಿಸಿದ ಸಂಖ್ಯೆಯನ್ನು ಡಬ್ಬಿಯ ಮೇಲೇ ಬರೆದು ಹೋಗಬೇಕು.