ಮ್ಯೂನಿಕ್‌ನಲ್ಲಿ ಮಗಳ ಫುಟ್‌ಬಾಲ್ ಕ್ಲಬ್: 3 ವರ್ಷದ ನಂತರ 5ಕ್ಕೆ 4 ಸ್ಟಾರ್

2022ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಮ್ಯೂನಿಕ್‌ಗೆ ಬಂದಾಗ ಮಗಳಿಗೆ 10 ವರ್ಷ. ಅಲ್ಲಿ ಮನೆ ಹತ್ತಿರದ ಟರ್ಫ್‌ನಲ್ಲಿ ಕೋಚಿಂಗ್‌ಗೆ ಹೋಗುತ್ತಿದ್ದಳು. ಇಲ್ಲಿ ಬಂದು ಸಾಮಾನು ಬಿಚ್ಚುವ ಮೊದಲೇ "ಅಪ್ಪಾ, ಎಲ್ಲಿ ಆಡೋದು?" ಅಂತ ಶುರು ಮಾಡಿದಳು.

ಮೊದಲು ಹೆಸರು ಮತ್ತು ಮೈದಾನ ನೋಡಿ ಒಂದು ಕ್ಲಬ್‌ಗೆ ಸೇರಿಸಿದೆವು. ಅಲ್ಲಿ ಹುಡುಗಿಯರ ತಂಡ ಇರಲಿಲ್ಲ. ಜರ್ಮನಿಯಲ್ಲಿ 17 ವರ್ಷದೊಳಗಿನವರ ತಂಡದವರೆಗೂ ಹುಡುಗಿಯರು ಹುಡುಗರ ಜೊತೆ ಆಡಬಹುದು, ನಿಯಮದ ಅಡ್ಡಿ ಏನೂ ಇಲ್ಲ. ಆದರೆ ಭಾಷೆ ಬಾರದ ಒಬ್ಬಳೇ ಹುಡುಗಿಗೆ ಯಾರೂ ಪಾಸ್ ಕೊಡುತ್ತಿರಲಿಲ್ಲ. ಒಂದು ಸಂಜೆ ಗೆರೆಯಾಚೆ ನಿಂತು ಎಣಿಸಿದೆ, ಅವಳ ಕಾಲಿಗೆ ಚೆಂಡು ಬಂದದ್ದು ಮೂರೇ ಸಲ. ಕೋಚ್‌ಗೆ ಹೇಳಿದರೂ ಬದಲಾಗಲಿಲ್ಲ, ನಾಲ್ಕು ತಿಂಗಳಿಗೆ ಬಿಡಿಸಿದೆವು. ಅಲ್ಲಿ ಸದಸ್ಯತ್ವ ಬಿಡೋದು ವರ್ಷದ ಕೊನೆಗೆ ಮಾತ್ರ, ಅದೂ ಮುಂಚೆಯೇ ಪತ್ರ ಕೊಟ್ಟಿದ್ದರೆ. ನಮ್ಮ ಪತ್ರ ತಡವಾಯಿತು, ಇನ್ನೊಂದು ವರ್ಷದ ಹಣ ಹೋಯಿತು. ಸಹಿ ಹಾಕುವ ಮೊದಲು ಆ ಸಾಲು ಓದಿ.

ಈಗಿನ ಕ್ಲಬ್ ಸೈಕಲ್‌ನಲ್ಲಿ ಹತ್ತು ನಿಮಿಷ. ಹೆಸರೇನೂ ದೊಡ್ಡದಲ್ಲ. ಆದರೆ ಅವಳ ವಯಸ್ಸಿನ ಹುಡುಗಿಯರದ್ದೇ ತಂಡ ಇತ್ತು. ಪ್ರೋಬೆಟ್ರೈನಿಂಗ್, ಅಂದರೆ ಸೇರುವ ಮೊದಲು ಸುಮ್ನೆ ಬಂದು ಆಡಿ ನೋಡೋದು, ಅದಕ್ಕೆ ಮೂರು ಸಲ ಬಿಟ್ಟರು. ಮೊದಲ ದಿನವೇ ಒಬ್ಬಳು ಹುಡುಗಿ ಕೈ ಹಿಡಿದು ಎಲ್ಲಿ ನಿಲ್ಲಬೇಕು ಅಂತ ತೋರಿಸಿದಳು. ನಾನು ಅಷ್ಟು ನೋಡಿ ನಿರ್ಧಾರ ಮಾಡಿಬಿಟ್ಟೆ.

ಕಾಗದಪತ್ರಕ್ಕೆ ಮಾತ್ರ ತಾಳ್ಮೆ ಬೇಕು. ಪಂದ್ಯ ಆಡಲು ಆಟಗಾರರ ಪಾಸ್ ಬೇಕು. ಹೊರದೇಶದಿಂದ ಬಂದ ಮಗುವಿಗೆ 10 ತುಂಬಿದ್ದರೆ ಫಿಫಾ ನಿಯಮದ ಪರಿಶೀಲನೆಯೂ ಸೇರಿಕೊಳ್ಳುತ್ತದೆ. ಅಪ್ಪ ಅಮ್ಮ ಬಂದದ್ದು ಫುಟ್‌ಬಾಲ್‌ಗಾಗಿ ಅಲ್ಲ ಅಂತ ತೋರಿಸಬೇಕು. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವಿಳಾಸ ನೋಂದಣಿ ಎಲ್ಲ ಕೊಟ್ಟೆವು. ಎರಡು ತಿಂಗಳು ಅವಳು ಟ್ರೈನಿಂಗ್ ಮಾತ್ರ ಮಾಡಿ, ಶನಿವಾರ ಗೆಳತಿಯರ ಪಂದ್ಯ ನೋಡುತ್ತಾ ಕೂತಿದ್ದಳು. ಆ ಶನಿವಾರಗಳು ಬಹಳ ಕಷ್ಟ ಆದವು. ನಿಮ್ಮ ಮಗುವಿಗೆ ಹತ್ತರ ಹತ್ತಿರ ಇದ್ದರೆ ಬಂದ ವಾರವೇ ಈ ಕೆಲಸ ಶುರು ಮಾಡಿ.

ಇಲ್ಲಿ ಕ್ಲಬ್ ಅಂದರೆ ಸದಸ್ಯರದ್ದೇ ಸಂಘ, ಇವರ ಭಾಷೆಯಲ್ಲಿ ಫೆರೈನ್. ಬೆಂಗಳೂರಿನಲ್ಲಿ ತಿಂಗಳಿಗೆ ಫೀಸು ಕೊಟ್ಟರೆ ನಮ್ಮ ಕೆಲಸ ಮುಗಿಯುತ್ತಿತ್ತು. ಇಲ್ಲಿ ವರ್ಷದ ಶುಲ್ಕ ಕಡಿಮೆ, ಆದರೆ ನಮ್ಮ ಸಮಯ ಬೇಕು. ಕೋಚ್ ಕೂಡ ಬೇರೆ ಕೆಲಸ ಇರುವ ಒಬ್ಬ ಅಮ್ಮ, ಸಂಜೆ ಬಂದು ಕಲಿಸುತ್ತಾರೆ. ಪಂದ್ಯಕ್ಕೆ ಕಾರು ನಮ್ಮದು, ಕೇಕ್ ನಮ್ಮದು, ಸರದಿ ಬಂದಾಗ ಇಡೀ ತಂಡದ ಕೆಸರು ಜರ್ಸಿ ಒಗೆಯುವುದೂ ನಮ್ಮದೇ. ನನಗೆ ಇದೇ ಇಷ್ಟವಾಯಿತು. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್, ನಾನು ಜರ್ಮನ್ ಕಲಿತದ್ದು ಈ ಮೈದಾನದ ಪಕ್ಕ.

ಕೇಕ್ ಮೇಜಿನ ಹತ್ತಿರ ಯಾವಾಗಲೂ ಒಬ್ಬರು ಅಜ್ಜಿ ಇರುತ್ತಾರೆ. 1955ರಲ್ಲಿ ಜರ್ಮನ್ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳಲ್ಲಿ ಹೆಂಗಸರ ಆಟವನ್ನೇ ನಿಷೇಧಿಸಿತ್ತು, ಅದನ್ನು ತೆಗೆದದ್ದು 1970ರಲ್ಲಿ. ಅಷ್ಟು ವರ್ಷ! ಅಜ್ಜಿ ಚಿಕ್ಕವರಿದ್ದಾಗ ಅಣ್ಣಂದಿರ ಜೊತೆ ಹೊಲದಲ್ಲಿ ಆಡಿದವರಂತೆ, ಕ್ಲಬ್ ಒಳಗೆ ಬಿಡಲಿಲ್ಲವಂತೆ. ಈಗ ಮಳೆ ಬಂದರೂ ಹುಡುಗಿಯರ ಪಂದ್ಯ ಒಂದೂ ಬಿಡುವುದಿಲ್ಲ. ಅದನ್ನು ಕೇಳಿದ ಮೇಲೆ ನಾನೂ ತಪ್ಪಿಸಿಲ್ಲ.

ಒಂದು ಸ್ಟಾರ್ ಯಾಕೆ ಕಡಿಮೆ? ಚಳಿಗಾಲದಲ್ಲಿ ಒಳಾಂಗಣ ಹಾಲ್ ಹಂಚುವಾಗ ಹುಡುಗಿಯರಿಗೆ ಸಿಗೋದು ವಾರಕ್ಕೆ ಒಂದೇ ಗಂಟೆ, ಅದೂ ತಡ ಸಂಜೆ. ಅದೇ ವಯಸ್ಸಿನ ಹುಡುಗರಿಗೆ ಎರಡು ದಿನ. ಸಭೆಯಲ್ಲಿ ಎದ್ದು ಕೇಳಿದೆವು, ಮುಂದಿನ ವರ್ಷ ನೋಡೋಣ ಅಂದರು. ಎರಡು ಚಳಿಗಾಲ ಹಾಗೇ ಕಳೆಯಿತು. ಇದು ಸರಿಯಲ್ಲ ಅಲ್ವಾ?

ದೊಡ್ಡವರಾಗುತ್ತಾ ಕೆಲವರು ಆಟ ಬಿಟ್ಟರು. 2025ರಲ್ಲಿ ತಂಡಕ್ಕೆ ಸಾಕಷ್ಟು ಹುಡುಗಿಯರಿಲ್ಲದೆ ಪಕ್ಕದ ಊರಿನ ಕ್ಲಬ್ ಜೊತೆ ಸೇರಿಸಿದರು. ವಾರದಲ್ಲಿ ಒಂದು ದಿನ ಟ್ರೈನಿಂಗ್ ಈಗ ಅಲ್ಲಿ, ಏಳು ಕಿಲೋಮೀಟರ್ ದೂರ. ಕಾರಿನಲ್ಲಿ ಬಿಡ್ತೀನಿ ಅಂದರೆ ಬೇಡ ಅನ್ನುತ್ತಾಳೆ, ನಾಲ್ಕು ಜನ ಒಟ್ಟಿಗೆ ಸೈಕಲ್‌ನಲ್ಲೇ ಹೋಗುತ್ತಾರೆ.