ಜೆಲ್ಲಿಯೋ, ಸೆರಮೈಡೋ, ಯೂರಿಯಾವೋ?

ಎಕ್ಸಿಮಾ ಮತ್ತು ಸೋರಿಯಾಸಿಸ್ ಬೇರೆ ಬೇರೆ ಕಾಯಿಲೆಗಳು. ಆದರೂ ಕೆಲವರ ಚರ್ಮದಲ್ಲಿ ಎರಡರ ಲಕ್ಷಣಗಳೂ ಬೆರೆತಿರುತ್ತವೆ. ಅಂಥ ಚರ್ಮಕ್ಕೆ ಈ ಮೂರರಲ್ಲಿ ಯಾವುದನ್ನು ಹಚ್ಚಬೇಕು ಎಂಬುದೇ ಪ್ರಶ್ನೆ. ಎರಡರಲ್ಲೂ ಹೊರಪದರದ ತಡೆಗೋಡೆ ಕೆಟ್ಟಿರುತ್ತದೆ. ಒಳಗಿನ ನೀರು ಆವಿಯಾಗುತ್ತದೆ, ಹೊರಗಿನ ಕೊಳೆ, ಸೋಪು, ಸೂಕ್ಷ್ಮಾಣುಗಳು ಚರ್ಮವನ್ನು ಕೆರಳಿಸುತ್ತವೆ, ಉರಿಯೂತ ಗೋಡೆಯನ್ನು ಇನ್ನಷ್ಟು ಸಡಿಲಿಸುತ್ತದೆ. ಹೊರಪದರವನ್ನು ಗಟ್ಟಿಗೊಳಿಸುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನ ದೋಷಕ್ಕೂ ಎಕ್ಸಿಮಾಕ್ಕೂ ಇರುವ ನಂಟು 2006ರಲ್ಲಿ ಪತ್ತೆಯಾದಾಗ, ತಡೆಗೋಡೆಯ ಈ ಬಿರುಕು ರೋಗದ ಪರಿಣಾಮ ಮಾತ್ರವಲ್ಲ, ಕಾರಣವೂ ಆಗಬಲ್ಲದು ಎಂಬ ವಾದಕ್ಕೆ ಬಲ ಬಂತು.

ಪೆಟ್ರೋಲಿಯಂ ಜೆಲ್ಲಿ ಗೋಡೆಯ ಮೇಲೆ ಹೊದಿಸಿದ ಹಾಳೆಯಂತೆ. ನೀರು ಹೊರಹೋಗುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಸುವಾಸನೆಯಿಲ್ಲ, ಸಂರಕ್ಷಕವಿಲ್ಲ, ಹಚ್ಚಿದಾಗ ಚರ್ಮ ಉರಿಯುವುದೂ ಅಪರೂಪ. ಅಂಟು ಮಾತ್ರ ತಪ್ಪದು. ಜೆಲ್ಲಿ ಹಿಡಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ ಎಂಬುದು ಹಲವರಿಗೆ ಗೊತ್ತೇ ಇಲ್ಲ.

ಸೆರಮೈಡ್ ಕ್ರೀಮ್ ಇಟ್ಟಿಗೆಗಳಂತಿರುವ ಚರ್ಮಕೋಶಗಳ ನಡುವಿನ ಗಾರೆಯನ್ನೇ ತುಂಬಲು ನೋಡುತ್ತದೆ. ಆ ಗಾರೆಯೆಂದರೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು. ಹಗಲಿಗೆ, ಮುಖಕ್ಕೆ ಹಿತ. ಆದರೆ ಪೊಟ್ಟಣದ ಮೇಲೆ ಸೆರಮೈಡ್ ಎಂದು ಬರೆದ ಮಾತ್ರಕ್ಕೆ ಸಾದಾ ಕ್ರೀಮಿಗಿಂತ ಮೇಲು ಎನ್ನಲಾಗದು.

ಯೂರಿಯಾ, ಶೇ. 10ರಷ್ಟಿದ್ದರೆ, ಸೋರಿಯಾಸಿಸ್‌ನ ದಪ್ಪ ಹೊಟ್ಟನ್ನು ಮೆದುಗೊಳಿಸುತ್ತದೆ. ಬಿರಿದ ಎಕ್ಸಿಮಾಕ್ಕೆ ಹಚ್ಚಿದರೆ ಚುರುಗುಟ್ಟುತ್ತದೆ.

ಲಕ್ಷಣಗಳು ಬೆರೆತಿದ್ದರೆ ನನ್ನ ಆಯ್ಕೆ: ರಾತ್ರಿ ಸ್ನಾನದ ನಂತರ, ಮೈ ಇನ್ನೂ ತೇವವಿರುವಾಗಲೇ ಜೆಲ್ಲಿ, ಹಗಲಿಗೆ ಸೆರಮೈಡ್, ಹೊಟ್ಟೇಳುವ ಮೊಣಕೈ, ಮೊಣಕಾಲಿಗಷ್ಟೇ ಯೂರಿಯಾ. ಕೆಂಪಗೆ ಕೆರಳಿದ ಉರಿಯೂತಕ್ಕೆ ಈ ಮೂರೂ ಸಾಲವು, ಚರ್ಮವೈದ್ಯರು ಬರೆದ ಮುಲಾಮು ಬೇಕೇ ಬೇಕು.